ಜನರ ಸೊತ್ತಿಗೆ ಸುಳ್ಳು ಲೆಕ್ಕ ಏಕೆ?

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಮಾತನಾಡಬೇಕಾಗಿರುವುದು ಕೇಳುವುದಕ್ಕೆ ಒಣ ವಿಷಯ. ಅಢಾವೆ ಪತ್ರಿಕೆ, ಜಮಾಖರ್ಚು, ಲಾಭನಷ್ಟದ ತಃಖ್ತೆ ಇವೆಲ್ಲ ಗುಮಾಸ್ತರ ಕೆಲಸ, ಚಳವಳಿ ನಡೆಸುವವರಿಗೆ ಇದರ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ 1991ರಿಂದ ಈಚೆಗೆ ಸಾರ್ವಜನಿಕ ಉದ್ಯಮಗಳನ್ನು ಮಾರಿಬಿಡಬೇಕೆಂದು ವಾದಿಸುವವರ ಕೈಯಲ್ಲಿರುವ ದೊಣ್ಣೆ ಯಾವುದು? ಸರ್ಕಾರಿ ಕಂಪನಿಗಳ ಲೆಕ್ಕವೇ. “ಇವರು ತೋರಿಸುವ ಲಾಭ ಲಾಭವಲ್ಲ, ಇವರು ಬಚ್ಚಿಟ್ಟ ನಷ್ಟಕ್ಕೆ ಮಿತಿಯಿಲ್ಲ, ಆದ್ದರಿಂದ ಮಾರಿರಿ” ಎಂಬುದು ಅವರ ವಾದ. ಈ ವಾದಕ್ಕೆ ನಾವು ಉತ್ತರ ಕೊಡಬೇಕಾದರೆ ಲೆಕ್ಕದ ಪುಸ್ತಕವನ್ನು ನಾವೇ ಬಿಚ್ಚಿ ನೋಡಬೇಕು.

“ಖಾಸಗಿಯವರು ಸಾಚಾಗಳೋ?” ಎಂದು ಕೇಳಿ ಸುಮ್ಮನಾಗುವುದು ಸುಲಭ. ಅವರು ಸಾಚಾಗಳಲ್ಲ ಎಂಬುದು ಸರ್ವವಿದಿತ. ಸತ್ಯಂ ಕಂಪನಿಯ ಮಾಲೀಕರು 7,000 ಕೋಟಿ ರೂಪಾಯಿಗೂ ಮೀರಿದ ಸುಳ್ಳು ಲೆಕ್ಕವನ್ನು 2009ರ ಜನವರಿಯಲ್ಲಿ ತಾವೇ ಬರೆದು ಒಪ್ಪಿಕೊಂಡರು. ಆದರೆ ಪಕ್ಕದ ಮನೆಗೂ ಕಳ್ಳ ನುಗ್ಗಿದ್ದ ಎಂಬುದು ನಮ್ಮ ಮನೆಯ ಬಾಗಿಲನ್ನು ತೆರೆದಿಡುವುದಕ್ಕೆ ಸಮರ್ಥನೆಯಾಗಲಾರದು.

ಮೊದಲು ಒಂದು ಒಗಟನ್ನು ಬಿಡಿಸಬೇಕು. ಖಾಸಗಿ ಮಾಲೀಕ ಸುಳ್ಳು ಲೆಕ್ಕ ಬರೆಯುವ ಕಾರಣ ಗೊತ್ತಿದೆ: ಷೇರಿನ ಬೆಲೆ ಏರಬೇಕು, ತೆರಿಗೆ ತಪ್ಪಬೇಕು, ಸಾಲ ಹುಟ್ಟಬೇಕು. ಸರ್ಕಾರಿ ಕಂಪನಿಯ ಅಧಿಕಾರಿಗೆ ಅಂಥ ಷೇರಿಲ್ಲ. ಲಾಭ ಹೆಚ್ಚಾದರೆ ಅವನ ಮನೆಗೆ ಬರುವುದಿಲ್ಲ, ನಷ್ಟವಾದರೆ ಅವನ ಜೇಬಿನಿಂದ ಹೋಗುವುದಿಲ್ಲ. ಹಾಗಿದ್ದರೂ ಅವನು ಅಂಕಿಗಳನ್ನು ತಿದ್ದುವುದೇಕೆ? ಮನುಷ್ಯನ ದುರಾಸೆ ಎಂದುಬಿಟ್ಟರೆ ಅರ್ಧ ಉತ್ತರವಾಯಿತು. ಪ್ರಾಮಾಣಿಕರೆನಿಸಿಕೊಂಡವರೂ ಸುಳ್ಳು ಲೆಕ್ಕಕ್ಕೆ ಸಹಿ ಹಾಕುವಂತೆ ಮಾಡುವ ವ್ಯವಸ್ಥೆ ಇದೆಯಲ್ಲ, ಉಳಿದರ್ಧ ಉತ್ತರ ಅದರಲ್ಲಿದೆ. ಆ ವ್ಯವಸ್ಥೆಯ ಐದು ಕಾರಣಗಳನ್ನು ನಾವು ಒಂದೊಂದಾಗಿ ನೋಡೋಣ.

ಮೊದಲನೆಯ ಕಾರಣ: ಒಡೆಯನ ಸ್ಥಾನದಲ್ಲಿ ಮಂತ್ರಿ.

ಸಾರ್ವಜನಿಕ ಉದ್ಯಮದ ಒಡೆಯರು ಜನ. ಆದರೆ ಆಡಳಿತ ಮಂಡಲಿಯನ್ನು ನೇಮಿಸುವವರು, ವರ್ಗಮಾಡುವವರು, ಬಡ್ತಿ ಕೊಡುವವರು ಮಂತ್ರಿಗಳು ಮತ್ತು ಅವರ ಕಾರ್ಯದರ್ಶಿಗಳು. ಆದ್ದರಿಂದ ಅಧಿಕಾರಿ ಲೆಕ್ಕ ಒಪ್ಪಿಸುವುದು ಜನರಿಗಲ್ಲ, ತನ್ನ ಭವಿಷ್ಯ ಯಾರ ಕೈಯಲ್ಲಿದೆಯೋ ಅವರಿಗೆ. ಜೀವವಿಮಾ ನಿಗಮ ಹುಟ್ಟಿದ್ದು 1956ರಲ್ಲಿ. ಒಂದು ವರ್ಷ ಕಳೆಯುವುದರೊಳಗೆ, 1957ರ ಜೂನ್‌ನಲ್ಲಿ, ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಪಾಲಿಸಿದಾರರ ಸುಮಾರು ಒಂದೂಕಾಲು ಕೋಟಿ ರೂಪಾಯಿಯನ್ನು ನಿಗಮ ಸುರಿಯಿತು. ನಿಗಮದ್ದೇ ಹೂಡಿಕೆ ಸಮಿತಿಯನ್ನು ಮೊದಲು ಕೇಳಲಿಲ್ಲ. ಲೋಕಸಭೆಯಲ್ಲಿ ಇದನ್ನು ಎತ್ತಿದವರು ಆಳುವ ಪಕ್ಷದ ಸದಸ್ಯರೇ ಆಗಿದ್ದ ಫಿರೋಜ್ ಗಾಂಧಿ. ನ್ಯಾಯಮೂರ್ತಿ ಛಾಗ್ಲಾ ಅವರು ಬೊಂಬಾಯಿಯಲ್ಲಿ ಬಹಿರಂಗವಾಗಿ ವಿಚಾರಣೆ ನಡೆಸಿ ಕೆಲವೇ ವಾರಗಳಲ್ಲಿ ಮುಗಿಸಿದರು. ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಜವಾಬ್ದಾರ ಎಂದು ತೀರ್ಮಾನಿಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಈ ಪ್ರಕರಣದಲ್ಲಿ ನಮಗೆ ಎರಡು ಪಾಠಗಳಿವೆ. ಮೇಲಿನಿಂದ ಬಂದ ಒಂದು ಮಾತಿಗೆ ನಿಗಮದ ನಿಯಮ ಗಾಳಿಗೆ ಹಾರುತ್ತದೆ ಎಂಬುದು ಒಂದು. ಬಾಗಿಲು ತೆರೆದು ನಡೆಸಿದ ವಿಚಾರಣೆಯ ಮುಂದೆ ಮಂತ್ರಿಯೂ ನಿಲ್ಲಲಾರ ಎಂಬುದು ಇನ್ನೊಂದು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಬ್ರೆಜಿಲ್ ದೇಶದ ಸರ್ಕಾರಿ ಎಣ್ಣೆ ಕಂಪನಿ ಪೆಟ್ರೋಬ್ರಾಸ್‌ನಲ್ಲಿ ನಿರ್ದೇಶಕರ ಕುರ್ಚಿಗಳು ಸಂಯುಕ್ತ ಸರ್ಕಾರದ ಪಕ್ಷಗಳಿಗೆ ಹಂಚಿಕೆಯಾಗಿದ್ದವು. ಗುತ್ತಿಗೆದಾರರು ಕೂಟ ಕಟ್ಟಿಕೊಂಡು ಗುತ್ತಿಗೆಯ ಮೊಬಲಗನ್ನು ಉಬ್ಬಿಸುತ್ತಿದ್ದರು; ಉಬ್ಬಿದ ಭಾಗ ಲಂಚವಾಗಿ ಅಧಿಕಾರಿಗಳಿಗೂ ಪಕ್ಷಗಳಿಗೂ ಹರಿಯುತ್ತಿತ್ತು. ಲೆಕ್ಕದಲ್ಲಿ ಇದು ಹೇಗೆ ಕಾಣುತ್ತದೆ ಗೊತ್ತೆ? ಲಂಚವೆಂದು ಯಾರೂ ಬರೆಯುವುದಿಲ್ಲ. ಹತ್ತು ರೂಪಾಯಿಯ ಯಂತ್ರಕ್ಕೆ ಹನ್ನೆರಡು ಕೊಟ್ಟರೆ ಕಂಪನಿಯ ಆಸ್ತಿಯೇ ಹನ್ನೆರಡು ರೂಪಾಯಿ ಎಂದು ಅಢಾವೆಯಲ್ಲಿ ಕೂರುತ್ತದೆ. ಕಳ್ಳತನ ಹೆಚ್ಚಿದಷ್ಟೂ ಆಸ್ತಿ ಹೆಚ್ಚಿದಂತೆ ತೋರುತ್ತದೆ! 2014ರಲ್ಲಿ ತನಿಖೆ ಆರಂಭವಾದ ಮೇಲೆ ಲೆಕ್ಕಪರಿಶೋಧಕರು ಸಹಿ ಹಾಕಲು ಹಿಂಜರಿದರು. ಕೊನೆಗೆ 2015ರ ಏಪ್ರಿಲ್‌ನಲ್ಲಿ ಕಂಪನಿ ಈ ಬಾಬಿಗಾಗಿಯೇ 6.2 ಶತಕೋಟಿ ರಿಯಾಲ್ ಆಸ್ತಿಯನ್ನು ಪುಸ್ತಕದಿಂದ ಹೊಡೆದುಹಾಕಬೇಕಾಯಿತು. ಆಗ ಅಲ್ಲಿ ಸರ್ಕಾರದ ನೇತೃತ್ವ ವಹಿಸಿದ್ದುದು ಕಾರ್ಮಿಕರ ಹೆಸರಿನ ಪಕ್ಷ ಎಂಬುದನ್ನು ಸಮಾಜವಾದಿಗಳಾದ ನಾವು ಮುಚ್ಚಿಡತಕ್ಕದ್ದಲ್ಲ. ಅಧಿಕಾರದಲ್ಲಿರುವ ಪಕ್ಷದ ಬಾವುಟದ ಬಣ್ಣ ಲೆಕ್ಕದ ಪುಸ್ತಕವನ್ನು ಕಾಯುವುದಿಲ್ಲ.

ಎರಡನೆಯ ಕಾರಣ: ಮೇಲಿನಿಂದ ಇಳಿಯುವ ಗುರಿ.

ಇದಕ್ಕೆ ಬಂಡವಾಳಶಾಹಿ ದೇಶದ ಉದಾಹರಣೆ ಬೇಡ. ಸೋವಿಯತ್ ಒಕ್ಕೂಟದ್ದನ್ನೇ ತೆಗೆದುಕೊಳ್ಳೋಣ. ಮಾಂಸ, ಹಾಲುಗಳ ಉತ್ಪತ್ತಿಯಲ್ಲಿ ಅಮೆರಿಕವನ್ನು ಹಿಂದೆ ಹಾಕಬೇಕೆಂದು 1957ರಲ್ಲಿ ಕ್ರುಶ್ಚೇವರು ಕರೆಕೊಟ್ಟರು. ರ್ಯಾಜಾನ್ ಪ್ರಾಂತ್ಯದ ಪಕ್ಷದ ಕಾರ್ಯದರ್ಶಿ ಲಾರಿಯೋನೋವ್, ಸರ್ಕಾರಕ್ಕೆ ಕೊಡುವ ಮಾಂಸವನ್ನು 1959ರ ಒಂದೇ ವರ್ಷದಲ್ಲಿ ಮೂರು ಪಟ್ಟು ಮಾಡುವೆನೆಂದು ಮಾತು ಕೊಟ್ಟ. ವರ್ಷದ ಕೊನೆಗೆ 1,50,000 ಟನ್ ಒಪ್ಪಿಸಿದ ಲೆಕ್ಕವೂ ಬಂತು. ಅವನಿಗೆ ಸಮಾಜವಾದಿ ಶ್ರಮವೀರ ಎಂಬ ಬಿರುದೂ ಬಂತು. ಆದದ್ದೇನು? ಕರೆಯುವ ಹಸುಗಳನ್ನೂ ತಳಿಯ ದನಗಳನ್ನೂ ಕಡಿದಿದ್ದರು. ರೈತರ ಮನೆಯ ದನಗಳನ್ನು ಹೊಡೆದುಕೊಂಡು ಹೋಗಿದ್ದರು. ನೆರೆಯ ಪ್ರಾಂತ್ಯಗಳಿಂದ ಕೊಂಡು ತಂದು ತಮ್ಮದೆಂದು ಲೆಕ್ಕ ತೋರಿಸಿದ್ದರು. ಮರುವರ್ಷ 1960ರಲ್ಲಿ ಅದೇ ಪ್ರಾಂತ್ಯ ಕೊಡಲಾದದ್ದು ಸುಮಾರು 30,000 ಟನ್. ಲಾರಿಯೋನೋವ್ ಆತ್ಮಹತ್ಯೆ ಮಾಡಿಕೊಂಡ.

ಅಲ್ಲಿ ಷೇರುಪೇಟೆ ಇರಲಿಲ್ಲ, ಖಾಸಗಿ ಮಾಲೀಕನೂ ಇರಲಿಲ್ಲ. ಆದರೂ ಸುಳ್ಳು ಲೆಕ್ಕ ಹುಟ್ಟಿತು. ಏಕೆಂದರೆ ಗುರಿಯನ್ನು ಗೊತ್ತುಮಾಡುವವನು, ಅದು ಮುಟ್ಟಿತೆಂದು ಹೊಗಳುವವನು, ಮುಟ್ಟಲಿಲ್ಲವೆಂದು ಕೆಳಗಿಳಿಸುವವನು ಎಲ್ಲರೂ ಒಬ್ಬರೇ ಆಗಿದ್ದರು. “ಇದು ಸಾಧ್ಯವಿಲ್ಲ” ಎಂದು ಹೇಳುವ ಪತ್ರಿಕೆಯಾಗಲಿ ವಿರೋಧಪಕ್ಷವಾಗಲಿ ಸ್ವತಂತ್ರ ಕಾರ್ಮಿಕ ಸಂಘವಾಗಲಿ ಇರಲಿಲ್ಲ. ಪ್ರಜಾಪ್ರಭುತ್ವವಿಲ್ಲದ ರಾಷ್ಟ್ರೀಕರಣ ಸಮಾಜವಾದವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಮೂರನೆಯ ಕಾರಣ: ಕೊನೆಗೆ ಸರ್ಕಾರದ ಬೊಕ್ಕಸ ಇದ್ದೇ ಇದೆ ಎಂಬ ಧೈರ್ಯ.

ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಇದಕ್ಕೆ ಮೆತ್ತನೆಯ ಆಯವ್ಯಯದ ಕಟ್ಟು ಎಂಬರ್ಥದ ಹೆಸರನ್ನಿಟ್ಟರು. ನಷ್ಟವಾದರೆ ತುಂಬಿಕೊಡುವವರು ಇದ್ದಾರೆಂದು ಗೊತ್ತಿದ್ದರೆ ನಷ್ಟವನ್ನು ಇಂದೇ ಹೇಳಬೇಕೆಂಬ ಅವಸರ ಯಾರಿಗೂ ಇರುವುದಿಲ್ಲ. ನಮ್ಮ ಸರ್ಕಾರಿ ಬ್ಯಾಂಕುಗಳ ಕಥೆ ಇದೇ. 2008ರ ನಂತರದ ವರ್ಷಗಳಲ್ಲಿ ಉಕ್ಕು, ವಿದ್ಯುತ್ತು, ರಸ್ತೆಗಳ ದೊಡ್ಡ ಯೋಜನೆಗಳಿಗೆ ಕೊಟ್ಟ ಸಾಲಗಳು ನಿಂತುಹೋದವು. ನಿಂತ ಸಾಲವನ್ನು ನಿಂತದ್ದೆಂದು ಬರೆದರೆ ಅದಕ್ಕಾಗಿ ಲಾಭದಿಂದ ಹಣ ತೆಗೆದಿಡಬೇಕು, ಲಾಭ ಕುಗ್ಗುತ್ತದೆ, ಸರ್ಕಾರಕ್ಕೆ ಕೊಡುವ ಲಾಭಾಂಶ ಕುಗ್ಗುತ್ತದೆ, ಅಧ್ಯಕ್ಷರ ಹೆಸರು ಕೆಡುತ್ತದೆ. ಅಧ್ಯಕ್ಷರು ಆ ಕುರ್ಚಿಯಲ್ಲಿರುವುದು ಕೆಲವೇ ವರ್ಷ. ಆದ್ದರಿಂದ ಹಳೆಯ ಸಾಲದ ಬಡ್ಡಿ ಕಟ್ಟುವುದಕ್ಕೆ ಹೊಸ ಸಾಲ, ಇಲ್ಲವೆ “ಪುನರ್ವ್ಯವಸ್ಥೆ” ಎಂಬ ಹೆಸರಿನಲ್ಲಿ ಅವಧಿ ಮುಂದೂಡಿಕೆ. ಪುಸ್ತಕದಲ್ಲಿ ಸಾಲ ಹಸಿರಾಗಿಯೇ ಉಳಿಯಿತು, ಬೇರು ಒಣಗಿತ್ತು.

2015ರಲ್ಲಿ ರಿಸರ್ವ್ ಬ್ಯಾಂಕು ಆಸ್ತಿಗಳ ಗುಣಮಟ್ಟವನ್ನು ತಾನೇ ಕುಳಿತು ಪರೀಕ್ಷಿಸಿತು. ಆಗ ನಿಜ ಹೊರಬಿತ್ತು. 2015ರ ಮಾರ್ಚ್ ಕೊನೆಯಲ್ಲಿ ಸರ್ಕಾರಿ ಬ್ಯಾಂಕುಗಳ ನಿಂತ ಸಾಲ ಸುಮಾರು 2 ಲಕ್ಷ 79 ಸಾವಿರ ಕೋಟಿ; 2018ರ ಮಾರ್ಚ್ ಹೊತ್ತಿಗೆ ಅದು 8 ಲಕ್ಷ 95 ಸಾವಿರ ಕೋಟಿ. ಇಷ್ಟೂ ಆ ಮೂರು ವರ್ಷಗಳಲ್ಲೇ ಕೆಟ್ಟದ್ದಲ್ಲ. ಬಹುಭಾಗ ಮೊದಲೇ ಕೆಟ್ಟಿದ್ದು ಹೆಸರು ಮಾತ್ರ ಈಗ ಪಡೆಯಿತು. ನಮ್ಮ ದೇಶದ ಅತಿ ದೊಡ್ಡ ಬ್ಯಾಂಕಾದ ಸ್ಟೇಟ್ ಬ್ಯಾಂಕು 2018-19ನೇ ಸಾಲಿಗೆ 862 ಕೋಟಿ ರೂಪಾಯಿ ಲಾಭ ತೋರಿಸಿತ್ತು. ರಿಸರ್ವ್ ಬ್ಯಾಂಕಿನ ತಪಾಸಣೆಯ ಎಣಿಕೆಯಂತೆ ಅದು 6,968 ಕೋಟಿ ನಷ್ಟವಾಗಬೇಕಿತ್ತೆಂದು 2019ರ ಡಿಸೆಂಬರ್‌ನಲ್ಲಿ ಅದೇ ಬ್ಯಾಂಕು ಪ್ರಕಟಿಸಬೇಕಾಯಿತು. ಇದನ್ನು ನಾವು ಕಳ್ಳತನವೆಂದು ಕರೆಯುವುದಿಲ್ಲ. ಎಣಿಕೆಯ ಭೇದವೆಂದೇ ಅವರು ಹೇಳಿದರು. ಖಾಸಗಿ ಬ್ಯಾಂಕುಗಳಲ್ಲೂ ಇಂಥ ಭೇದಗಳು ಸಿಕ್ಕವು. ಆದರೆ ಲಾಭವನ್ನು ನಷ್ಟವಾಗಿಸುವಷ್ಟು ದೊಡ್ಡ ಭೇದಕ್ಕೆ ಎಡೆಯಿರುವ ಕಡೆ ವಂಚಕನಿಗೂ ಎಡೆಯಿದೆ ಎಂಬುದನ್ನು ಯಾರಾದರೂ ಅಲ್ಲಗಳೆಯುವರೆ?

ಇಲ್ಲಿ ವರ್ಗದ ಪ್ರಶ್ನೆಯೂ ಇದೆ. ನಮ್ಮ ಹಳ್ಳಿಯ ರೈತ ಒಡವೆ ಅಡವಿಟ್ಟು ತಂದ ಸಾಲ ಕಂತು ತಪ್ಪಿದರೆ ಹರಾಜಿನ ನೋಟೀಸು ಮನೆಗೆ ಬರುತ್ತದೆ. ಸಾವಿರಾರು ಕೋಟಿಯ ಸಾಲಗಾರನ ಕಂತು ತಪ್ಪಿದರೆ ಸಭೆ ಸೇರಿ ಅವಧಿ ಮುಂದೂಡುತ್ತಾರೆ. ಸಣ್ಣವನ ಲೆಕ್ಕ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಸುಳ್ಳು ಲೆಕ್ಕದ ಸವಲತ್ತು ದೊಡ್ಡವನಿಗೆ ಮಾತ್ರ. ಕಡೆಗೆ 2016-17ರಿಂದ 2020-21ರವರೆಗೆ ಸರ್ಕಾರಿ ಬ್ಯಾಂಕುಗಳಿಗೆ ಕೇಂದ್ರ ಸರ್ಕಾರ 3 ಲಕ್ಷ ಕೋಟಿಗೂ ಹೆಚ್ಚು ಬಂಡವಾಳ ತುಂಬಿತು. ಈಚಿನ ವರ್ಷಗಳಲ್ಲಿ ನಿಂತ ಸಾಲದ ಪ್ರಮಾಣ ಬಹಳ ಇಳಿದಿದೆ. ಆದರೆ ಇಳಿದದ್ದು ಎಲ್ಲವೂ ವಸೂಲಿಯಿಂದಲ್ಲ, ದೊಡ್ಡ ಭಾಗವನ್ನು ಪುಸ್ತಕದಿಂದ ತೆಗೆದುಹಾಕಿದ್ದರಿಂದ.

ನಾಲ್ಕನೆಯ ಕಾರಣ: ಸೇವೆಯನ್ನೂ ವ್ಯಾಪಾರವನ್ನೂ ಒಂದೇ ಖಾತೆಯಲ್ಲಿ ಬರೆಯುವುದು.

ಸರ್ಕಾರಿ ಕಂಪನಿ ಲಾಭಕ್ಕಾಗಿ ಮಾತ್ರ ಹುಟ್ಟಿದ್ದಲ್ಲ, ಜನಸೇವೆಗಾಗಿ ಹುಟ್ಟಿದ್ದು. ಅದು ಸರಿ. ಆದರೆ ಸೇವೆಗೆ ತಗಲಿದ ವೆಚ್ಚ ಎಷ್ಟು, ಸೋರಿಹೋದದ್ದು ಎಷ್ಟು ಎಂದು ಬೇರೆ ಬೇರೆ ಬರೆಯದಿದ್ದರೆ ಸೋರಿಕೆಯೆಲ್ಲವೂ ಸೇವೆಯ ಹೆಸರಿನಲ್ಲಿ ಅಡಗುತ್ತದೆ. ವಿದ್ಯುತ್ ಸರಬರಾಜನ್ನು ನೋಡಿ. ನೂರು ಯೂನಿಟ್ ವಿದ್ಯುತ್ತು ಹೊರಟಿತು ಎನ್ನೋಣ. ಮೀಟರಿನಲ್ಲಿ ಕಂಡದ್ದು ಅರವತ್ತು. ಉಳಿದ ನಲವತ್ತರಲ್ಲಿ ಮೀಟರಿಲ್ಲದ ಪಂಪ್‌ಸೆಟ್ಟುಗಳಿಗೆ ಹೋದದ್ದು ಎಷ್ಟು, ತಂತಿಯಲ್ಲಿ ಸೋರಿದ್ದು ಎಷ್ಟು, ಕಾರ್ಖಾನೆಗಳು ಕದ್ದದ್ದು ಎಷ್ಟು? ಪಂಪ್‌ಸೆಟ್ಟಿಗೆ ಇಪ್ಪತ್ತೈದು ಎಂದು ಅಂದಾಜು ಬರೆದರೆ ನಷ್ಟ ಹದಿನೈದು. ಹದಿನೈದು ಎಂದು ಬರೆದರೆ ನಷ್ಟ ಇಪ್ಪತ್ತೈದು. ಲೇಖನಿಯ ಒಂದು ಗೀಟಿನಿಂದ ಕಳ್ಳತನ ರೈತನ ತಲೆಗೆ ಬರುತ್ತದೆ! 1990ರ ದಶಕದ ಕೊನೆಯಲ್ಲಿ ಒರಿಸ್ಸಾ, ಆಂಧ್ರ, ಹರಿಯಾಣ ಮುಂತಾದ ರಾಜ್ಯಗಳಲ್ಲಿ ವಿದ್ಯುತ್ ಮಂಡಲಿಗಳನ್ನು ಒಡೆದು ಮತ್ತೆ ಎಣಿಸಿದಾಗ ಆದದ್ದೂ ಇದೇ: ಕಾಲು ಭಾಗದ ಆಸುಪಾಸಿನಲ್ಲಿದೆ ಎನ್ನುತ್ತಿದ್ದ ನಷ್ಟ ಒಮ್ಮೆಲೇ ಬಹಳ ಮೇಲಕ್ಕೇರಿತು. ತಂತಿಗಳು ಒಂದೇ ರಾತ್ರಿಯಲ್ಲಿ ಕೆಡಲಿಲ್ಲ; ಅಂದಾಜು ಬದಲಾಯಿತು ಅಷ್ಟೆ.

ನಮ್ಮ ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತಿದೆ. ನಾವು ಅದನ್ನು ಬೆಂಬಲಿಸುತ್ತೇವೆ. ಆದರೆ ಸಹಾಯಧನವನ್ನು ಸರ್ಕಾರ ಮುಂಗಡವಾಗಿ ಕೊಡತಕ್ಕದ್ದೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೇ ಪ್ರಕರಣ ಹೇಳುತ್ತದೆ. ಆ ಹಣ ತಡವಾದರೆ ಅದು “ಬರಬೇಕಾದ ಬಾಕಿ” ಎಂದು ಕಂಪನಿಯ ಆಸ್ತಿಯ ಪಟ್ಟಿಯಲ್ಲಿ ಕೂರುತ್ತದೆ. ಕಂಪನಿ ಸಾಲ ತಂದು ಬಡ್ಡಿ ಕಟ್ಟುತ್ತದೆ. ಸರ್ಕಾರದ ಆಯವ್ಯಯ ಸುಂದರವಾಗಿ ಕಾಣುತ್ತದೆ. ಇಲ್ಲಿ ಸುಳ್ಳು ಹೇಳಿದ್ದು ಕಂಪನಿಯಲ್ಲ. ಕಂಪನಿಯ ಬಾಯಿಂದ ಹೇಳಿಸಿದ್ದು ಸರ್ಕಾರ. ಸರ್ಕಾರದ ಖಾತರಿಯ ಮೇಲೆ ನಿಗಮಗಳ ಹೆಸರಿನಲ್ಲಿ ಸಾಲ ಎತ್ತಿ, ಆ ಸಾಲವನ್ನು ಆಯವ್ಯಯದ ಹೊರಗಿಡುವ ಪದ್ಧತಿಯೂ ಇದೇ ಜಾತಿಯದು.

ಐದನೆಯ ಕಾರಣ: ಕಾವಲುಗಾರ ತಡವಾಗಿ ಬರುವುದು, ಬಾಯಿಬಿಟ್ಟವನಿಗೆ ರಕ್ಷಣೆ ಇಲ್ಲದಿರುವುದು.

ಸರ್ಕಾರಿ ಕಂಪನಿಯ ಲೆಕ್ಕಪರಿಶೋಧಕರನ್ನು ನೇಮಿಸುವ ಅಧಿಕಾರ ಭಾರತದ ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕರಿಗಿದೆ. ಸಂಸತ್ತಿನಲ್ಲಿ 1964ರಿಂದ ಸಾರ್ವಜನಿಕ ಉದ್ಯಮಗಳ ಸಮಿತಿಯಿದೆ. ಕಾಗದದ ಮೇಲೆ ಬೇಲಿ ಭದ್ರವಾಗಿದೆ. ಆದರೆ ರಾಷ್ಟ್ರೀಕೃತ ಬ್ಯಾಂಕುಗಳು ಈ ಮಹಾಲೆಕ್ಕಪರಿಶೋಧಕರ ಪರಿಶೋಧನೆಯ ಹೊರಗಿವೆ. ರಾಜ್ಯಗಳ ಎಷ್ಟೋ ನಿಗಮಗಳು ವರ್ಷಗಟ್ಟಲೆ ಲೆಕ್ಕವನ್ನೇ ಮುಗಿಸಿಲ್ಲವೆಂದು ಅವರ ವರದಿಗಳು ಮತ್ತೆ ಮತ್ತೆ ಹೇಳಿವೆ. ಲೆಕ್ಕವೇ ಮುಗಿಯದಿದ್ದರೆ ಪರಿಶೋಧನೆ ಯಾವುದರದು? ಐದು ವರ್ಷದ ಹಿಂದಿನ ತಪ್ಪನ್ನು ಹಿಡಿಯುವ ಹೊತ್ತಿಗೆ ಸಹಿ ಹಾಕಿದವರು ನಿವೃತ್ತರಾಗಿರುತ್ತಾರೆ, ಮಂತ್ರಿ ಬದಲಾಗಿರುತ್ತಾರೆ.

ಕಾವಲು ಹಲವು ಮಂದಿಯದಾದರೂ ಅಷ್ಟೆ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿಯ ಒಂದು ಶಾಖೆಯಿಂದ ವಜ್ರದ ವ್ಯಾಪಾರಿಗಳ ಪರವಾಗಿ ವರ್ಷಗಟ್ಟಲೆ ಖಾತರಿ ಪತ್ರಗಳು ಹೊರಟವು. ಸಂದೇಶ ಕಳಿಸುವ ಯಂತ್ರಕ್ಕೂ ಬ್ಯಾಂಕಿನ ಲೆಕ್ಕದ ಯಂತ್ರಕ್ಕೂ ಕೊಂಡಿ ಇರಲಿಲ್ಲ. ಪುಸ್ತಕದಲ್ಲಿ ಹೊಣೆ ದಾಖಲಾಗಲೇ ಇಲ್ಲ. ಒಳಗಿನ ಪರಿಶೋಧಕರು, ಹೊರಗಿನ ಪರಿಶೋಧಕರು, ರಿಸರ್ವ್ ಬ್ಯಾಂಕಿನ ತಪಾಸಣೆಯವರು ಎಲ್ಲರೂ ಇದ್ದರು. 2018ರಲ್ಲಿ ಹೊರಬಂದಾಗ ಅದು 13,000 ಕೋಟಿ ರೂಪಾಯಿ ಮೀರಿತ್ತು. ಮಂದಿ ಹೆಚ್ಚಾದರೆ ಹಾವು ಸಾಯದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ನಮ್ಮ ರಾಜ್ಯದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಲ್ಲಿ ಅತಿ ಬಡವರಿಗೆ ಮೀಸಲಾದ ಹಣ ಹೊರಗಿನ ಖಾತೆಗಳಿಗೆ ಹರಿದದ್ದು ಗೊತ್ತಾದದ್ದು 2024ರ ಮೇ ತಿಂಗಳಲ್ಲಿ, ಅದೂ ಲೆಕ್ಕಪತ್ರ ವಿಭಾಗದ ನೌಕರರೊಬ್ಬರು ಪ್ರಾಣ ಕಳೆದುಕೊಂಡ ಮೇಲೆ. ಸುಮಾರು 89 ಕೋಟಿ ರೂಪಾಯಿ ಹೋಗಿದೆಯೆಂದು ಸರ್ಕಾರವೇ ಶಾಸನಸಭೆಯಲ್ಲಿ ಹೇಳಿತು. ಸಚಿವರು ರಾಜೀನಾಮೆ ಕೊಟ್ಟರು. ಯಾರು ಅಪರಾಧಿ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ನಾವು ಕೇಳುವುದಿಷ್ಟೆ: ಒಂದು ನಿಗಮದ ಲೆಕ್ಕ ಜನರಿಗೆ ತಿಳಿಯಬೇಕಾದರೆ ಒಬ್ಬ ನೌಕರ ಸಾಯಬೇಕೆ? ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ಬೆಳೆದು, ಮೈಸೂರಿನಲ್ಲಿ ಓದಿ, ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾಗಿದ್ದ ಮಂಜುನಾಥ ಎಂಬ ತರುಣ, ಕಲಬೆರಕೆಯ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ಕೊಲೆಯಾದ. ಅಕ್ರಮವನ್ನು ಹೊರಗೆಡಹುವವರನ್ನು ರಕ್ಷಿಸುವ ಕಾಯಿದೆಗೆ 2014ರಲ್ಲಿ ರಾಷ್ಟ್ರಪತಿಯವರ ಅಂಕಿತ ಬಿದ್ದಿತು. ಆ ಮೇಲೆ ಅದನ್ನು ಜಾರಿಗೆ ತರದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರು. ಹೀಗಿರುವಾಗ ಗುಮಾಸ್ತನೊಬ್ಬ ಸುಳ್ಳು ಬಾಬನ್ನು ಕಂಡು ಸುಮ್ಮನಿದ್ದರೆ ಅವನನ್ನು ಹೇಡಿಯೆಂದು ಬಯ್ಯುವ ಹಕ್ಕು ಸರ್ಕಾರಕ್ಕಿದೆಯೆ?

ಸಂಗಾತಿಗಳೆ, ಈ ಐದು ಕಾರಣಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸುಳ್ಳು ಲೆಕ್ಕದ ಮೂಲ ಸಾರ್ವಜನಿಕ ಒಡೆತನದಲ್ಲಿಲ್ಲ. ಒಡೆಯರಾದ ಜನರನ್ನು ಲೆಕ್ಕದಿಂದ ದೂರವಿಟ್ಟಿರುವುದರಲ್ಲಿದೆ. ಉದ್ಯಮವನ್ನು ಮಾರಿದರೆ ಲೆಕ್ಕ ಸರಿಯಾಗುವುದಿಲ್ಲ. ಸುಳ್ಳು ಬರೆಯುವ ಹಕ್ಕು ಬೇರೊಬ್ಬನ ಕೈಗೆ ಹೋಗುತ್ತದೆ ಅಷ್ಟೆ. ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿರಬೇಕು.

ಒಂದು: ಸಕಾಲದಲ್ಲಿ ಲೆಕ್ಕ ಮುಗಿಸದ ನಿಗಮದ ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಆ ಸ್ಥಾನದಲ್ಲಿ ಮುಂದುವರಿಯಕೂಡದು.

ಎರಡು: ಸೇವೆಗೆ ತಗಲುವ ವೆಚ್ಚವನ್ನು ಬೇರೆ ಖಾತೆಯಲ್ಲಿ ಬರೆದು, ಸರ್ಕಾರ ಕೊಡಬೇಕಾದದ್ದನ್ನು ಆಯವ್ಯಯದಲ್ಲೇ ತೋರಿಸಿ, ಮುಂಗಡವಾಗಿ ಕೊಡಬೇಕು. ರೈತನ ಪಂಪ್‌ಸೆಟ್ಟಿನ ಹೆಸರಿನಲ್ಲಿ ಅಂದಾಜು ಬರೆಯುವುದು ನಿಲ್ಲಬೇಕು. ಮಾರ್ಗ ಮಾರ್ಗಕ್ಕೂ ಅಳತೆ ಮಾಡಿ ಅಂಕಿಯನ್ನು ಪಂಚಾಯಿತಿಯ ಫಲಕದ ಮೇಲೆ ಹಾಕಬೇಕು.

ಮೂರು: ನಿರ್ದೇಶಕರ ನೇಮಕ ಮಂತ್ರಿಯ ಕೈಯಿಂದ ತಪ್ಪಿ, ಕಾರಣಗಳನ್ನು ಬರೆದು ಪ್ರಕಟಿಸುವ ಸಮಿತಿಗೆ ಬರಬೇಕು. ಮಂತ್ರಿಯ ಬಾಯಿಮಾತಿನ ಆಜ್ಞೆಗೆ ಬೆಲೆ ಇರಕೂಡದು. ಬರೆದುಕೊಟ್ಟರೆ ಮಾತ್ರ ಆಜ್ಞೆ.

ನಾಲ್ಕು: ಆಡಳಿತ ಮಂಡಲಿಯಲ್ಲಿ ಕಾರ್ಮಿಕರ ಪ್ರತಿನಿಧಿ ಇರಲೇಬೇಕು. ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ನೌಕರರ ನಿರ್ದೇಶಕನಿಗೆ 1970ರ ಕಾಯಿದೆಯೇ ಕುರ್ಚಿ ಕೊಟ್ಟಿದೆ. ಆದರೂ ಅನೇಕ ಬ್ಯಾಂಕುಗಳಲ್ಲಿ ಆ ಕುರ್ಚಿ ವರ್ಷಗಟ್ಟಲೆ ಖಾಲಿ ಬಿದ್ದಿತು. ಕೆಟ್ಟ ಸಾಲಗಳು ಪುಸ್ತಕದಲ್ಲಿ ಒಳ್ಳೆಯ ಸಾಲಗಳಾಗಿದ್ದಾಗ ಶಾಖೆಯ ಗುಮಾಸ್ತರಿಗೆ ಗೊತ್ತಿತ್ತು, ಹೇಳುವುದಕ್ಕೆ ಸ್ಥಾನವಿರಲಿಲ್ಲ.

ಐದು: ಅಕ್ರಮ ಹೊರಬಿದ್ದಾಗ ವಿಚಾರಣೆ ಮುಂಧ್ರಾ ಪ್ರಕರಣದಲ್ಲಿ ನಡೆದಂತೆ ಬಹಿರಂಗವಾಗಿ, ಗೊತ್ತಾದ ಅವಧಿಯೊಳಗೆ ನಡೆಯಬೇಕು.

ಇದು ಗುಮಾಸ್ತರ ಕೆಲಸವಲ್ಲ, ನಮ್ಮ ಕೆಲಸ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಎಂಬ ನಾಲ್ಕು ಬ್ಯಾಂಕುಗಳು ನಮ್ಮ ನೆಲದಲ್ಲಿ ಹುಟ್ಟಿ, 1969ರಲ್ಲಿ ಎರಡು, 1980ರಲ್ಲಿ ಎರಡು ಜನರ ಸೊತ್ತಾದವು. ನಷ್ಟದಲ್ಲಿ ಮುಳುಗಿದ್ದ ದೇನಾ ಬ್ಯಾಂಕಿನ ಜೊತೆಗೆ, ಲಾಭದಲ್ಲಿದ್ದ ವಿಜಯ ಬ್ಯಾಂಕನ್ನೂ 2019ರಲ್ಲಿ ಬರೋಡಾ ಬ್ಯಾಂಕಿನೊಳಗೆ ಕರಗಿಸಿದರು. 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಹೆಸರುಗಳೂ ಅಳಿದವು. ಯಾರೋ ಬರೆದ ಸುಳ್ಳು ಲೆಕ್ಕದ ಭಾರವನ್ನು ಸರಿಯಾಗಿ ನಡೆದವರೂ ಹೊರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ನಿಮ್ಮ ನಿಮ್ಮ ತಾಲ್ಲೂಕುಗಳಿಗೆ ಹಿಂತಿರುಗಿದ ಮೇಲೆ, ನಿಮ್ಮಲ್ಲಿರುವ ಒಂದೊಂದು ಸರ್ಕಾರಿ ನಿಗಮದ ಕೊನೆಯ ವಾರ್ಷಿಕ ವರದಿ ಯಾವ ವರ್ಷದ್ದು ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿರಿ. ಉತ್ತರವನ್ನು ಸಂತೆಯ ದಿನ ಜನರ ಮುಂದೆ ಓದಿರಿ. ಸೊತ್ತು ನಮ್ಮದು ಎಂದು ಘೋಷಣೆ ಕೂಗಿದರೆ ಸಾಲದು. ಲೆಕ್ಕ ಕೇಳುವವನೇ ಒಡೆಯ.